ಅಕ್ಕನ ತಲೆಯ ಸದ್ದು

ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿಯ ಮಿದುಳಿನಲ್ಲಿ ರಕ್ತ ಹರಿಯುವ ಸದ್ದನ್ನು ಕೇಳದವರು ಚಿಕ್ಕಜಾಲದಲ್ಲಿ ಯಾರಾದರೂ ಇದ್ದರೆ, ಅವರು ನಿನ್ನೆ ಬಾಡಿಗೆಗೆ ಬಂದವರೇ ಇರಬೇಕು!

ಒಂದು ದಿನ ಹಿಟ್ಟು ರುಬ್ಬುತ್ತಿದ್ದಾಗ ಅಕ್ಕನ ಎಡಗೈ ಮರಗಟ್ಟಿತು, ಮಾತು ತೊದಲಿತು. ಸ್ವಲ್ಪ ಹೊತ್ತಿಗೆ ಸರಿಯೂ ಹೋಯಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಕಣತಲೆಗೆ ಜೆಲ್ ಹಚ್ಚಿ, ಪೆನ್ನಿನಂಥದ್ದೊಂದನ್ನು ಒತ್ತಿ, ಅಲ್ಟ್ರಾಸೌಂಡಿನಲ್ಲಿ ಮಿದುಳಿನ ರಕ್ತನಾಳಗಳನ್ನು ನೋಡಿದರು. ಒಂದು ನಾಳ ಕಿರಿದಾಗಿದೆ, ಮಾತ್ರೆ ತಪ್ಪಿಸಬೇಡಿ ಎಂದರು. ಅಕ್ಕ ಮಾತ್ರ ಆ ಯಂತ್ರದ ಸುಯ್ ಸುಯ್ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತಂದು, ರಿಂಗ್‌ಟೋನ್ ಮಾಡಿಸಿಕೊಂಡಳು!

ಯಲಹಂಕದಲ್ಲಿ ಒಂದು ಗೃಹಪ್ರವೇಶ. ಅಕ್ಕನ ಫೋನು ಹೊಡೆದುಕೊಂಡಿತು.

“ಇದ್ಯಾವ ಹಾಡ್ರೀ?”

“ಆಡಲ್ಲ ಕಣಮ್ಮ, ನನ್ ತಲೆ. ಅಗಲ ಇರೋ ಕಡೆ ಸುಯ್ ಅಂತೈತೆ, ಸಂದಿ ಬಂದ್ರೆ ಕುಯ್ ಅಂತೈತೆ.”

ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು. ನನ್ನ ಹೊಸ ರೇಷ್ಮೆ ಸೀರೆಯನ್ನು ಗಮನಿಸಿದ್ದು ಪಾಯಸ ಬಡಿಸುವವನೊಬ್ಬನೇ, ಅದೂ ಅದರ ಮೇಲೆ ಪಾಯಸ ಚೆಲ್ಲಿದ ಮೇಲೆ.

ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ. ನಾನೂ ಅದೇ ಮನೆಗೆ ಸೊಸೆಯಾಗಿ ಬಂದವಳು. ನನ್ನ ತಲೆಯಲ್ಲೇನು ರಕ್ತವಿಲ್ಲವೇ? ಹಾಲಿನ ಡೈರಿಯ ಸಾಲಿನಲ್ಲೂ ಜನ ತಲೆನೋವು ಬಂದರೆ ಅವಳನ್ನೇ ಕೇಳತೊಡಗಿದಾಗ ನನಗೂ ತಲೆಸುತ್ತು ಶುರುವಾಯಿತು. ಅರ್ಧ ನಿಜ, ಅರ್ಧ ನಾನೇ ಸೇರಿಸಿದ್ದು. ಡಾಕ್ಟರು ಅದೇ ಪರೀಕ್ಷೆ ಬರೆದರು. ದಾರಿ ತೋರಿಸಲು ಅಕ್ಕನೇ ಜೊತೆಗೆ ಬಂದಳು, ತನ್ನದೇ ಆಸ್ಪತ್ರೆ ಎನ್ನುವ ಹಾಗೆ.

ಪರೀಕ್ಷೆ ಮಾಡುವ ಹುಡುಗಿ ಬಲಗಡೆ ಒತ್ತಿದಳು, ಎಡಗಡೆ ಒತ್ತಿದಳು, ಕಿವಿಯ ಮೇಲೆ ಹುಡುಕಿದಳು. ಬರೀ ಗೊರಗೊರ. ಸುಯ್ ಇಲ್ಲ, ಕುಯ್ಯೂ ಇಲ್ಲ.

“ಆಂಟಿ, ಕೆಲವರಿಗೆ ಇಲ್ಲಿ ಮೂಳೆ ದಪ್ಪ ಇರತ್ತೆ. ಸೌಂಡ್ ಒಳಗೆ ಹೋಗಲ್ಲ. ಭಯ ಏನಿಲ್ಲ, ಬೇರೆ ಸ್ಕ್ಯಾನ್ ಮಾಡಿಸಿದ್ರಾಯ್ತು.”

ನನ್ನ ತಲೆಗೆ ಏನೂ ಹೋಗುವುದಿಲ್ಲ ಎಂದು ನನ್ನ ಗಂಡ ವರ್ಷಗಳಿಂದ ಹೇಳುತ್ತಿದ್ದುದಕ್ಕೆ ಈಗ ಆಸ್ಪತ್ರೆಯ ಸಾಕ್ಷಿ! ಅಕ್ಕ ಇದನ್ನು ಊರೆಲ್ಲ ಸಾರುತ್ತಾಳೆಂದು ಹಲ್ಲು ಕಚ್ಚಿ ಕಾದೆ. ಅಕ್ಕ ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು.

“ಇನ್ನೊಂದ್ಸಲ ನೋಡಮ್ಮ. ನಮ್ ಉಡ್ಗಿ ಇವ್ಳು.”

ಅಷ್ಟರಲ್ಲಿ ಅವಳ ಚೀಲದೊಳಗೆ ಫೋನು ಸುಯ್‌ಗುಟ್ಟಿತು. ನನ್ನ ಮುಖ ನೋಡಿ, ತಡಬಡಿಸಿ ಅದರ ಬಾಯಿ ಮುಚ್ಚಿದಳು.

ಹೊರಗೆ ಬೆಂಚಿನ ಮೇಲೆ ಕೂತೆವು. ಜೆಲ್ ಇನ್ನೂ ಒರೆಸಿಕೊಂಡಿರಲಿಲ್ಲ. ಅಕ್ಕ ನನ್ನ ತಲೆಯನ್ನು ಹತ್ತಿರಕ್ಕೆಳೆದು, ಕಣತಲೆಗೆ ತನ್ನ ಕಿವಿ ಒತ್ತಿ, ಉಸಿರು ಹಿಡಿದಳು. ಓಡಾಡುವವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

“ಅಕ್ಕಾ, ಯಂತ್ರಕ್ಕೇ ಕೇಳ್ಲಿಲ್ಲ, ನಿಮಗೇನು ಕೇಳತ್ತೆ?”

“ಸುಮ್ಕಿರೆ. ಕೇಳ್ತೈತೆ,” ಎಂದಳು, ಕಿವಿ ತೆಗೆಯದೆ. “ನಂದಕ್ಕಿಂತ ಚೆಂದಾಗೈತೆ.”