ದೊರೆ ನೇರವಾಗಿಯೇ ಓಡಿದ

"ಒಂದೇ ತಿಂಗಳು! ಈ ನಾಯಿಯನ್ನ ಬಿಟ್ಟ ಬಾಣದ ಹಾಗೆ ಓಡಿಸದಿದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ!" ಎಂದು ಘೋಷಿಸಿಬಿಟ್ಟೆ. ಕೋಪ ನೆತ್ತಿಗೇರಿದಾಗ ನನ್ನ ಬಾಯಿಗೆ ಬಾಗಿಲಿರುವುದಿಲ್ಲ.

ಕೋಪಕ್ಕೆ ಕಾರಣವಿತ್ತು. ನಮ್ಮ ರಿಟ್ರೀವರ್ ನಾಯಿಗೆ ಮನೆಯಲ್ಲಿ 'ದೊರೆ' ಎಂದೇ ಬಿರುದು. ಸೋಫಾದಿಂದ ಬಾಗಿಲಿಗೆ ಹೋಗಬೇಕಾದರೂ ಇಡೀ ಕೋಣೆ ಒಂದು ಸುತ್ತು ಹಾಕಿಯೇ ಹೋಗಬೇಕು. ಆ ಸವಾರಿಯಲ್ಲಿ ಅವನ ಬಾಲ, ಆಗಷ್ಟೇ ಹೆಜ್ಜೆಯಿಡಲು ಕಲಿತ ನನ್ನ ಮಗಳನ್ನು ದಿನಕ್ಕೆ ನಾಲ್ಕು ಸಲ ಗುಡಿಸಿ ಹಾಕುತ್ತಿತ್ತು. ಅವತ್ತು ಮೇಜಿನ ಮೂಲೆ ಅವಳ ಹಣೆಗೆ ಎರಡೇ ಬೆರಳಲ್ಲಿ ತಪ್ಪಿತ್ತು.

"ಇವನು ಕಲೀಬೇಕು, ಇಲ್ಲಾ ನಿಮ್ಮಕ್ಕನ ಮನೆಗೆ ಹೋಗಬೇಕು!" ಎಂದೆ ಗಂಡನಿಗೆ.

ಅವರ ಮುಖ ಸಪ್ಪಗಾಯಿತು. ನನಗಿಂತ ಐದು ವರ್ಷ ಮೊದಲೇ ಅವರ ಕಾಲಬುಡ ಹಿಡಿದು ಮಲಗಿದವನು ದೊರೆ. "ಆಯ್ತು. ಆದ್ರೆ ಕಲಿಸೋದು ನೀನೇ. ಆಮೇಲೆ ನನ್ನ ಮೇಲೆ ಹಾಯಬೇಡ."

"ನಾನೇ! ನಿಮ್ಮ ಕೈಲಾಗೋದಾಗಿದ್ರೆ ಇಷ್ಟು ದಿನ ಆಗ್ತಿರಲಿಲ್ವಾ?"

ನಾಯಿ ಪಳಗಿಸುವ ಮೇಷ್ಟ್ರು ಮೈದಾನದಲ್ಲಿ ಮೂರು ಬಿಳಿ ಬಕೆಟ್ ಇಟ್ಟು, ಒಂದೊಂದರ ಪಕ್ಕ ಒಂದು ಬಟ್ಟೆಯ ಸುರುಳಿ ಹಾಕಿದರು. ನಾಯಿಯನ್ನು ಎಡಗಾಲಿನ ಪಕ್ಕ ಕೂರಿಸಿ, ಬೇಕಾದ ಬಕೆಟ್ಟಿನತ್ತ ಕೈ ನೀಡಿ "ಹೋಗು" ಎನ್ನಬೇಕು. ಅದು ಉಳಿದೆರಡನ್ನು ಕಣ್ಣೆತ್ತಿಯೂ ನೋಡದೆ, ಗೆರೆ ಎಳೆದಂತೆ ಓಡಿ ಸುರುಳಿ ತರಬೇಕು. ಮೇಷ್ಟ್ರು ಇನ್ನೂ ಏನೇನೋ ಹೇಳಿದರು. ಅಷ್ಟರಲ್ಲಿ ಮರದ ಕೆಳಗೆ, ಅಪ್ಪನ ಪಕ್ಕ ಚಾಪೆಯ ಮೇಲಿದ್ದ ಮಗಳು ಸೀನಿದಳು.

ನಡುವಿನ ಬಕೆಟ್ಟಿಗೆ ಕೈ ನೀಡಿದೆ. "ಹೋಗು!"

ದೊರೆ ಬಾಣದಂತೆಯೇ ಹೊರಟ. ಮರದ ಕಡೆಗೆ! ಮಗಳ ಟೋಪಿ ಕಚ್ಚಿ ತಂದು ನನ್ನ ಪಾದದ ಮೇಲಿಟ್ಟ. ಮರುದಿನ ಒಂದು ಕಾಲಿನ ಬೂಟು. ಮೂರನೆಯ ವಾರದ ಹೊತ್ತಿಗೆ ಹಾಲಿನ ಬಾಟಲಿ, ಗಿಲಕಿ, ಡೈಪರ್ (ಬಳಸಿದ್ದು!) ಎಲ್ಲವೂ ನನ್ನ ಪಾದಕ್ಕೆ ಸಮರ್ಪಣೆಯಾಗಿದ್ದವು. ಬಕೆಟ್ಟುಗಳನ್ನು ನೊಣವೂ ಮೂಸಲಿಲ್ಲ.

"ಇವನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಬರೀ ಹೊಟ್ಟೆ!" ಎಂದು ಅರಚಿದೆ.

"ಮೆಲ್ಲಗೆ ಕಣೇ, ಮಗು ಬೆಚ್ಚುತ್ತೆ."

"ಮಗು ಬಾಯಲ್ಲಿ ಎಲೆ ಇದೆ ರೀ! ನೀವು ಫೋನ್ ನೋಡ್ತಾ ಕೂತಿದ್ದೀರಿ!"

ತಿಂಗಳ ಕೊನೆಯ ಬೆಳಿಗ್ಗೆ ಪರೀಕ್ಷೆ. ದೊರೆಯ ತಟ್ಟೆ, ಹಳೆಯ ಹೊದಿಕೆ ಆಗಲೇ ಕಾರಿನ ಡಿಕ್ಕಿ ಸೇರಿದ್ದವು. ಗಂಡ ನನ್ನೊಡನೆ ಮಾತು ಬಿಟ್ಟಿದ್ದರು. ಹಲ್ಲು ಕಚ್ಚಿ ಎಡಗಡೆಯ ಬಕೆಟ್ಟಿಗೆ ಕೈ ನೀಡಿದೆ. "ಹೋಗು!"

ದೊರೆ ಸೀದಾ ಮರಕ್ಕೆ ಹೋಗಿ, ಚಾಪೆಯನ್ನೇ ಮಗಳ ಸಮೇತ ನನ್ನತ್ತ ಎಳೆಯತೊಡಗಿದ. ಅವಳು ಚಪ್ಪಾಳೆ ತಟ್ಟಿ ನಕ್ಕಳು.

"ಮುಗೀತು! ಕರ್ಕೊಂಡು ಹೋಗಿ ಇವನನ್ನ!"

"ಒಂದ್ನಿಮಿಷ," ಎಂದರು ಮೇಷ್ಟ್ರು. "ಸಾರ್, ನೀವು ಬನ್ನಿ. ಬಲಗಡೆ ಬಕೆಟ್."

ತಿಂಗಳಿಡೀ ನಾಯಿಯ ಹಗ್ಗ ಮುಟ್ಟದ ಗಂಡ, ಮಗಳನ್ನು ಚಾಪೆಯಲ್ಲೇ ಬಿಟ್ಟು ಬಂದು, ಗೊಣಗಿದಂತೆ "ಹೋಗು" ಎಂದರು. ದೊರೆ ದಾರ ಹಿಡಿದಂತೆ ಓಡಿ ಸುರುಳಿ ತಂದ! ನಡುವಿನದನ್ನೂ ತಂದ. ಎಡಗಡೆಯದನ್ನೂ ತಂದ!

"ನೋಡಿದ್ರಾ! ಅನ್ನ ಹಾಕೋಳು ನಾನು, ನಿಯತ್ತು ಅವರಿಗೆ!" ಬಕೆಟ್ಟಿನತ್ತ ಕೈ ಝಾಡಿಸಿ ಕೂಗಿದೆ. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

"ಅದು ನಿಮ್ಮ ಮಾತೇ ಕೇಳ್ತಿರೋದಮ್ಮ," ಎಂದರು ಮೇಷ್ಟ್ರು. "ನಾಯಿ ಬರೀ ಕೈ ನೋಡಲ್ಲ. ನಿಮ್ಮ ಪಾದ ನೋಡುತ್ತೆ, ಹೆಗಲು ನೋಡುತ್ತೆ. ಈಗ ನಿಮ್ಮ ಕಾಲು ಯಾವ ಕಡೆಗಿದೆ ನೋಡ್ಕೊಳ್ಳಿ."

ನೋಡಿಕೊಂಡೆ. ಕೈ ಬಕೆಟ್ಟಿಗೆ. ಕಾಲಿನ ಹತ್ತೂ ಬೆರಳು ಚಾಪೆಯ ಕಡೆಗೆ! ಹೆಗಲೂ ಚಾಪೆಯ ಕಡೆಗೆ!

"ಮೊದಲ ದಿನವೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ನಲ್ಲಮ್ಮ. ಅವತ್ತೂ ನೀವು ಮಗು ಕಡೆ ನೋಡ್ತಿದ್ರಿ."

ಡಿಕ್ಕಿಯಿಂದ ತಟ್ಟೆ ಇಳಿಯಿತು. ದೊರೆ ಈಗ ಗಂಡ ತೋರಿದ ಕಡೆಗೆ, ಮಗಳಿಗೆ ಬಾಲ ಸೋಕಿಸದೆ, ನೇರವಾಗಿ ಹೋಗುತ್ತಾನೆ. ಮೈದಾನದಲ್ಲಿ ಪಾಠ ನಡೆಯುತ್ತಿರುವುದು ನನಗೆ! ಮೂವತ್ತು ಹೆಜ್ಜೆ ಆಚೆಯ ಬಕೆಟ್ಟಿಗೆ ನಾನು ಹಿಂದೆ ತಿರುಗದೆ ನಡೆಯಬೇಕು. ಮರದ ಕೆಳಗೆ ಅಪ್ಪ, ಮಗಳು, ದೊರೆ ಸಾಲಾಗಿ ಕೂತು ನೋಡುತ್ತಾರೆ. ನಿನ್ನೆ ಹನ್ನೊಂದನೆಯ ಹೆಜ್ಜೆಗೆ ತಿರುಗಿಬಿಟ್ಟೆ.

"ಪರವಾಗಿಲ್ಲಮ್ಮ, ಮರಿಗಳೂ ಮೊದಲ ವಾರ ಇಷ್ಟೇ," ಎಂದ ಮೇಷ್ಟ್ರು, ಅಭ್ಯಾಸಬಲದಿಂದ ಜೇಬಿನ ಬಿಸ್ಕತ್ತು ತೆಗೆದು ನನ್ನ ಮುಂದೆ ಹಿಡಿದರು.

ಮೈಯೆಲ್ಲ ಉರಿಯಿತು. ಬಾಯಿತುಂಬ ಬೈಯಬೇಕೆಂದಿದ್ದೆ. ಕೈ ಮಾತ್ರ, ಅತ್ತಿತ್ತ ನೋಡದೆ, ನೇರವಾಗಿ ಬಿಸ್ಕತ್ತಿಗೇ ಹೋಯಿತು!