ಓಣಿ ತುಂಬ ಚಹಾ

ನಮ್ಮ ಓಣ್ಯಾಗ ನಗೂವಂಥ ಸುದ್ದಿಗೆ ಎಂದೂ ಕೊರತಿ ಬಿದ್ದಿಲ್ಲ. ಕೊರತಿ ಬಿದ್ದಿದ್ದು ಗಿರಾಕಿಗೆ. ಮೂಡಲಗಿ ಸಂತಿ ಪ್ಯಾಟಿ ಹಿಂದಿನ ಸಣ್ಣ ಓಣಿ ನಮ್ಮದು. ಅಲ್ಲಿ ಚಹಾ ಮಾರಕೋತ ಕುಂತು ನನ್ನ ತಲಿ ಬೆಳ್ಳಗಾತು. ಚಹಾ ಕಾಸೂದೊಂದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ. ಈ ಅಂಗಡಿ ಹೋದ್ರ ನಾನು, ನನ್ನ ಹೆಂಡ್ತಿ ಏನ್ ತಿನ್ನೂದು ಅನ್ನೂ ಚಿಂತಿ ಎರಡ ವರ್ಷ ಆತು, ಎದ್ಯಾಗ ಕುಂತು ಬಿಟ್ಟೈತಿ. ಅದ ಚಿಂತ್ಯಾಗ ಕುಂತು ನೋಡಿದ್ದನ್ನ ಹೇಳ್ತೇನಿ. ನಿಮಗ ನಗು ಬಂದ್ರ ನಗ್ರಿ. ನನಗ ಅಷ್ಟೇನ್ ಬರಂಗಿಲ್ಲ.

೧. ತಲಿ ಎಣಿಸಿದ್ದು

ಮೊದಲ ಓಣ್ಯಾಗ ಏಳ ಅಂಗಡಿ ಇದ್ದೂ, ಏಳ ನಮೂನಿ ದಂಧೆ. ನಂದು ಚಹಾ. ಎದುರಿಗೆ ಕಟಿಂಗ್ ಅಂಗಡಿ, ಅದರ ಬಾಜೂಕ ಟೇಲರ್ ಭಾಯಿ, ಮೂಲ್ಯಾಗ ಕಂಬಾರ. ಆಮ್ಯಾಲ ಬಳಿ ಅಂಗಡಿ, ಗಾದಿ ಅಂಗಡಿ, ಸೈಕಲ್ ಅಂಗಡಿ.

ಸೋಮವಾರ ಎತ್ತು ಹೂಡಬಾರದು ಅನ್ನೂದು ನಮ್ಮ ಕಡೆ ಹಿರ್ಯಾರ ಕಾಲದಿಂದ ಬಂದ ಪದ್ಧತಿ. ಹಂಗಾಗಿ ಸೋಮವಾರಕ್ಕೊಮ್ಮೆ ಹಳ್ಳಿ ಮಂದಿ ಮೊಂಡಾದ ನೇಗಲದ ಕುಳ ಹಣಿಸಾಕ ಕಂಬಾರನ ಕಡೆ ಬರ್ತಿದ್ರು. ಕುಳ ಕಾಯೂತನಕ ಸುಮ್ಮನ ಯಾಕ ಕುಂಡ್ರೂದಂತ ಎದ್ದು ಹೋಗಿ ದಾಡಿ ಮಾಡಿಸ್ಕೊಂತಿದ್ರು. ಗಂಡನ ದಾಡಿ ಮುಗ್ಯೂತನಕ ಹೆಂಡ್ತಿ ಟೇಲರ್‌ಗೆ ಜಂಪರ್ ಅಳತಿ ಕೊಟ್ಟು, ಬಾಜೂಕ ಹೋಗಿ ಬಳಿ ಇಡಿಸ್ಕೊಂಡು ಬರ್ತಿದ್ಲು. ಎಲ್ಲಾ ಮುಗಿಸಿ ಇಬ್ಬರೂ ನನ್ನ ಅಂಗಡಿ ಮುಂದಿನ ಕಟ್ಟಿಗಿ ಬಾಕಿನ ಮ್ಯಾಲ ಕುಂತು ಚಹಾ ಕುಡೀತಿದ್ರು. ಒಂದ ಕೆಲಸಕ್ಕ ಬಂದವರು ಇನ್ನ ನಾಕ ಮಂದಿಗೆ ಕೆಲಸಾ ಕೊಟ್ಟ ಹೋಗ್ತಿದ್ರು. ಇದು ನನಗ ಆವಾಗ ತಿಳೀಲಿಲ್ಲ. ಈಗ ತಿಳದೈತಿ, ತಿಳದು ಏನ್ ಮಾಡೂದು.

ಒಂದಿನ ಕಟಿಂಗ್ ಅಂಗಡಿಯಂವ ಬಂದು, "ಕಾಕಾ, ನೀವು ಸಿಟ್ಟ ಆಗಬಾರದು. ನಾನೂ ಚಹಾದಂಗಡಿ ಹಾಕ್ತೇನಿ" ಅಂದ.

"ಯಾಕೋ ತಮ್ಮಾ, ಕಟಿಂಗ್‌ಗೆ ಏನಾತು?"

"ಏನೂ ಆಗಿಲ್ಲರಿ. ಒಂದ ವಾರ ಕುಂತು ನಿಮ್ಮ ಅಂಗಡಿಗೆ ಬರೂ ತಲಿ ಎಣಿಸೇನಿ. ನನ್ನ ಕಡೆ ದಿನಕ್ಕ ಹತ್ತ ತಲಿ ಬಂದ್ರ ನಿಮ್ಮ ಕಡೆ ಐವತ್ತ ತಲಿ ಬರ್ತಾವ."

"ಯಾರ್ಯಾರು ಬರ್ತಾರ, ಹೇಳು ನೋಡೂಣು."

ಅಂವ ಬೆರಳ ಮಡಚಕೋತ ಹೇಳಾಕ ಹತ್ತಿದ. ಟೇಲರ್ ಭಾಯಿ ಆರ ಸಲ. ಕಂಬಾರ ಐದ ಸಲ. ಸೈಕಲ್ ಅಂಗಡಿಯಂವ ನಾಕ ಸಲ. ಅವರವರ ಗಿರಾಕಿ ಒಂದಿಪ್ಪತ್ತೈದ ಮಂದಿ.

"ಉಳದವರು?"

"ಉಳದದ್ದು ನಾನರಿ. ದಿನಕ್ಕ ಹತ್ತ ಸಲ ಬರ್ತೇನಿ."

"ನಿನ್ನ ತಲೀನೂ ಎಣಿಸೀಯೇನು?"

"ಎಣಿಸಬೇಕಲ್ಲರಿ ಕಾಕಾ" ಅಂದ, "ನನ್ನ ಬಿಟ್ರ ಲೆಕ್ಕ ತಪ್ಪತೈತಿ."

೨. ಬಣ್ಣದ ಚಹಾ

ಕಟಿಂಗ್ ಅಂಗಡಿ ಚಹಾದಂಗಡಿ ಆತು. ದಾಡಿ ಮಾಡಿಸ್ಕೊಳ್ಳಾವರು ಓಣಿಗೆ ಬರೂದು ಬಿಟ್ರು, ಅವರ ಜೋಡಿ ಬರೂ ಹೆಣ್ಣಮಕ್ಕಳೂ ಬಿಟ್ರು. ಟೇಲರ್ ಭಾಯಿ ಒಂದ ತಿಂಗಳ ದಾರಿ ನೋಡಿದ. ಆಮ್ಯಾಲ ಮಶೀನ್ ಮ್ಯಾಲ ಹಲಗಿ ಹಾಸಿ, ಹಲಗಿ ಮ್ಯಾಲ ಸ್ಟೋ ಇಟ್ಟ.

ನನಗ ಹೊಟ್ಟಿ ಉರೀತು, ಸುಳ್ಳ ಯಾಕ ಹೇಳ್ಲಿ. ಖರೆ ಅಂವಗ ಏನಂತ ಬಯ್ಯೂದು? ನಮ್ಮ ಮನ್ಯಾಗ ಮದವಿ ಆದಾಗೆಲ್ಲಾ ಅಂವನ ರಾತ್ರಿ ಹಗಲ ಕುಂತು ಅರಿವಿ ಹೊಲದು ಕೊಟ್ಟಂವ. ಹೋಗಿ ಮೊದಲ ಕಪ್ಪ ಕುಡದು ಬಂದೆ. ಅದು ಚಹಾ ಅಲ್ಲ, ಶಿಕ್ಷಾ.

ಹಂಗಿದ್ರೂ ಸ್ವಲ್ಪ ದಿನದಾಗ, ಭಾಯಿ ಚಹಾದ ಬಣ್ಣ ಬಾಳ ಛಲೋ ಬರ್ತೈತಿ ಅಂತ ಹೆಸರಾತು. ಕೆಂಪಗ ಕುಂಕುಮ ಕಲಿಸಿದಂಗ. ನಾನೂ ಯೋಚನಿ ಮಾಡಿದೆ, ಇಷ್ಟ ವರ್ಷ ಕಾಸಿದ್ರೂ ನನ್ನ ಚಹಾಕ್ಕ ಆ ಬಣ್ಣ ಬಂದಿಲ್ಲಲ್ಲಾ ಅಂತ. ಮನಸಿಗೆ ಬ್ಯಾಸರ ಆತು. ಮನಿಗೆ ಹೋಗಿ ಹೆಂಡ್ತಿ ಮುಂದ ಹೇಳಿದ್ರ, "ಕೈಗುಣಾ ಹೋಗೈತಿ ನಿಮ್ದು" ಅಂದ್ಲು.

ಮಸಗುಪ್ಪಿಯಿಂದ ಒಬ್ಬಾಕಿ ಹೆಣ್ಣಮಗಳು ಬಂದ್ಲು. ಮೂರ ತಿಂಗಳ ಹಿಂದ ಜಂಪರ್ ಹೊಲ್ಯಾಕ ಕೆಂಪ ಅರಿವಿ ಕೊಟ್ಟು ಹೋಗಿದ್ಲಂತ.

"ಚಾಚಾ, ನನ್ನ ಜಂಪರ್ ಆತೇನ್ರಿ?"

"ಕುಂಡ್ರವಾ ತಂಗಿ, ಮೊದಲ ಚಹಾ ಕುಡಿ" ಅಂತ ಭಾಯಿ ಪಾತೇಲಿ ಎತ್ತಿ ಚಹಾ ಸೋಸಾಕ ಹತ್ತಿದ.

ಆಕಿ ಕಪ್ಪ ನೋಡ್ಲಿಲ್ಲ. ಅಂವನ ಕೈಯಾಗಿನ ಸೋಸೂ ಅರಿವಿನ ನೋಡಿದ್ಲು, ಹತ್ರ ಬಂದು ಅಂಚ ಹಿಡದು ನೋಡಿದ್ಲು. ಭಾಯಿ ಮಾರಿ ಸಣ್ಣದಾತು. "ಅಂಗಡಿ ಬದಲ ಮಾಡೂ ಗದ್ದಲದಾಗ ಯಾವ ಅರಿವಿ ಯಾರದಂತ ತಿಳೀಲಿಲ್ಲವಾ" ಅಂದ. ಆಕಿ ಬಯ್ಯಲಿಲ್ಲ, ಚಹಾ ಎಲ್ಲಾ ಕುಡದ್ಲು. ಕಪ್ಪ ಕೆಳಗಿಟ್ಟು ಇಷ್ಟ ಅಂದ್ಲು: "ಬಣ್ಣ ಹೋಗಂಗಿಲ್ಲ ಅಂತ ಹೇಳಿ ಕೊಟ್ಟಿದ್ರರಿ ಅಂಗಡ್ಯಾಗ."

೩. ಗೋಕಾಕದ ಕುರ್ಚಿ

ನನ್ನ ತಲಿಗೂದಲ ಬೆಳದು ಕಿವಿ ಮುಚ್ಚಿದ್ದೂ. ಕಟಿಂಗ್ ಮಾಡಾವರು ನಮ್ಮ ಓಣ್ಯಾಗ ಇಲ್ಲ, ಮೂಡಲಗ್ಯಾಗ ಉಳದ ಕಡೆ ಗದ್ದಲ. ಹೆಂಗೂ ಗೋಕಾಕಕ್ಕ ಚಹಾಪುಡಿ ತರಾಕ ಹೋಗೂದಿತ್ತು, ಅಲ್ಲೇ ಮಾಡಿಸಿದ್ರಾತು ಅಂತ ಬಸ್ ಹತ್ತಿದೆ. ಅರಭಾವಿ ದಾಟೂತನಕ ಕಾಲೇಜ್ ಹುಡುಗರ ನಡುವ ನಿಂತು, ಆಮ್ಯಾಲ ಸೀಟ ಸಿಕ್ಕು ಗೋಕಾಕ ಮುಟ್ಟಿದೆ.

ಒಂದ ಕಟಿಂಗ್ ಅಂಗಡ್ಯಾಗ ಹೋಗಿ ಕುಂತ್ರ, ಬಾಜೂ ಕುರ್ಚ್ಯಾಗ ಕೊಳ್ಳಿಗೆ ಬಿಳೇ ಅರಿವಿ ಸುತ್ತಿಸ್ಕೊಂಡು ಕುಂತಂವ ಯಾರು? ನಮ್ಮ ಓಣಿ ಕಟಿಂಗ್‌ನಂವ. ಕನ್ನಡ್ಯಾಗ ಒಬ್ಬರ ಮಾರಿ ಒಬ್ಬರು ನೋಡಿದಿವಿ.

ಸುಮ್ಮನಾದ್ರೂ ಕುಂಡ್ರಬೇಕಿಲ್ಲೋ. ಕತ್ತರಿ ಸಪ್ಪಳ ಕೇಳಿದ ಕೂಡ್ಲೆ ನಮ್ಮಂವಗ ತಡ್ಯಾಕ ಆಗ್ಲಿಲ್ಲ. "ಹಿಂದ ಇನ್ನೊಂದೀಟ ತಗೀರಿ. ಬಾಚಣಗಿ ಅಡ್ಡ ಹಿಡೀರಿ, ಮೆಟ್ಟಲಾ ಬೀಳಾಕತ್ತಾವ" ಅಂತ ಶುರು ಮಾಡಿದ. ಗೋಕಾಕದಂವ ಮೂರ ಸಲ ತಡಕೊಂಡ. ನಾಕನೇ ಸಲ ಕತ್ತರಿ ಕೆಳಗಿಟ್ಟು ಕೇಳಿದ, "ಇಷ್ಟೆಲ್ಲಾ ಗೊತ್ತೈತಲ್ಲಾ, ನೀವು ಏನ್ ಮಾಡ್ತೀರ್ರಿ?"

ನಮ್ಮಂವ ಕನ್ನಡಿ ಬಿಟ್ಟು ನೆಲಾ ನೋಡಿದ. "ಚಹಾದಂಗಡಿ" ಅಂದ.

ತಿರಗಿ ಬರೂಮುಂದ ಇಬ್ಬರೂ ಒಂದ ಸೀಟಿನ ಮ್ಯಾಲ ಕುಂತಿದ್ವಿ. "ಮತ್ತ ಕತ್ತರಿ ಹಿಡಿಯೋ ತಮ್ಮಾ, ನಿನ್ನ ಕೈ ಅದಕ್ಕ ಹುಟ್ಟೈತಿ" ಅಂದೆ. ಅಂವ ತನ್ನ ತಲಿ ಸವರಕೋತ ಅಂದ, "ಯಾರಿಗೆ ಮಾಡ್ಲಿ ಕಾಕಾ? ನಮ್ಮ ಓಣಿ ಮಂದಿಯೆಲ್ಲಾ ಕಟಿಂಗ್‌ಗೆ ಗೋಕಾಕಕ್ಕ ಹೊಂಟಾರ."

೪. ಕುಲಿಮಿ ಮ್ಯಾಲಿನ ಪಾತೇಲಿ

ಅಷ್ಟೊತ್ತಿಗೆ ಬಳಿ ಅಂಗಡಿ, ಗಾದಿ ಅಂಗಡಿ, ಸೈಕಲ್ ಅಂಗಡಿ ಎಲ್ಲಾ ಚಹಾಕ್ಕ ಬಂದಿದ್ದೂ. ಕಡೀಕ ಉಳದಂವ ಕಂಬಾರ. ಅಂವ ಹೊಸಾ ಸ್ಟೋ ತರೂ ಗೋಜಿಗೂ ಹೋಗ್ಲಿಲ್ಲ. ಬೆಂಕಿ ಹೆಂಗೂ ಐತೆಂತ ಕುಲಿಮಿ ಮ್ಯಾಲ ಪಾತೇಲಿ ಇಟ್ಟ.

ಒಂದ ಸೋಮವಾರ ವಯಸ್ಸಾದ ಒಬ್ಬ ರೈತ ಹೆಗಲ ಮ್ಯಾಲ ಕುಳ ಹೊತಗೊಂಡು ಓಣ್ಯಾಗ ಬಂದ. ಅಂವ ಕಾಲ ಇಟ್ಟದ್ದ ತಡಾ, ಏಳೂ ಅಂಗಡಿಯಿಂದ "ಬರ್ರಿ ಯಜಮಾನ್ರ, ಚಹಾ ಬರ್ರಿ" ಅಂತ ಕರದ್ವಿ. ನಾನೂ ಕರದೆ. ಮನಷ್ಯಾ ಹೆದರಿ ಗ್ವಾಡಿಗೆ ಹತ್ತಿ ನಿಂತ.

ಸಾವಕಾಶ ನಡದು ಕಂಬಾರನ ಕಡೆ ಹೋದ. "ಕುಳ ಮೊಂಡ ಆಗೈತಪಾ, ಹಣದು ಕೊಡು."

"ಆ ಬೆಂಕಿ ಮ್ಯಾಲ ಚಹಾ ಐತ್ರಿ ಯಜಮಾನ್ರ."

"ಚಹಾ ಇಳಿಸು."

"ಇಳಿಸಿದ್ರ ಆರತೈತಿ. ಯಾರರೆ ಗಿರಾಕಿ ಬಂದ್ರ?"

ರೈತ ಓಣಿ ಆ ತುದಿಯಿಂದ ಈ ತುದೀತನಕ ನೋಡಿದ. ಅಂವನ್ನ ಬಿಟ್ರ ಗಿರಾಕಿ ಅಂತ ಒಂದ ನರಪಿಳ್ಳೆ ಇರಲಿಲ್ಲ. "ಆಗ್ಲಿ ಬಿಡು. ಹುಕ್ಕೇರಿ ಕಡೆ ಬೀಗರ ಊರ ಐತಿ, ಘೋಡಗೇರಿ. ಅಲ್ಲೊಬ್ಬಾಂವ ಕಂಬಾರ ಅದಾನ. ಅಲ್ಲೇ ದಾಡಿನೂ ಆಗ್ತೈತಿ, ಅರಿವಿ ಹೊಲ್ಯಾವರೂ ಅದಾರ" ಅಂತ ಕುಳ ಹೆಗಲಿಗೇರಿಸಿದ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಲ್ಲಿ ಚಹಾದಂಗಡಿ ಎಷ್ಟ ಅದಾವ್ರಿ?" ಅಂತ ಕೇಳಿದೆ.

"ಒಂದ ಐತಿ ನೋಡು" ಅಂದ. "ಒಳಗ ಹೋಗಾಕ ಆಗಂಗಿಲ್ಲ, ಅಷ್ಟ ಮಂದಿ."

೫. ಎಮ್ಮಿಗೆ ಯಾರೂ ಹೇಳಿರಲಿಲ್ಲ

ಈ ಎರಡ ವರ್ಷದಾಗ ನಮ್ಮ ಓಣ್ಯಾಗ ಉದ್ಧಾರ ಆದಂವ ಒಬ್ಬನ, ಹಾಲ ಹಾಕಂವ. ಮೊದಲ ಒಂದ ಅಂಗಡಿಗೆ ಹಾಕ್ತಿದ್ದ, ಈಗ ಏಳಕ್ಕ. ಇನ್ನೆರಡ ಎಮ್ಮಿ ಕಟ್ಟಿದ. ಸುಮ್ಮನಿರಬೇಕಿಲ್ಲೋ? ತನ್ನ ಹಾಲಿಗೆ ಇಷ್ಟ ಬೇಡಿಕಿ ಇದ್ರ ಚಹಾದಾಗ ಎಷ್ಟಿರಬೇಕು ಅಂತ, ಒಂದಿನ ಓಣಿ ಬಾಯಿಗೆ ತಾನೂ ಚಹಾದಂಗಡಿ ಹಾಕಿದ.

ಮುಂಜಾನೆ ಏಳೂ ಮಂದಿ ಬೋಗಾಣಿ ಹಿಡಕೊಂಡು ಅಂವನ ಮುಂದ ನಿಂತಿವಿ.

"ಹಾಲ ನಿಮಗ ಕೊಟ್ರ ನಾ ಚಹಾ ಮಾಡೂದು ಯಾತರಲೆ?" ಅಂದ.

"ಅಷ್ಟೂ ಹಾಲಿನ ಚಹಾ ಯಾರ ಕುಡೀತಾರೋ?" ಅಂತ ನಾ ಕೇಳಿದೆ.

"ನೋಡಕೋತ ಇರ್ರಿ" ಅಂದ.

ನೋಡಿದಿವಿ. ಮುಂಜಾನಿಂದ ಸಂಜೀತನಕ ಅಂವನ ಅಂಗಡಿಗೆ ಬಂದವರು ಇಬ್ಬರು. ಇಬ್ಬರೂ ಬಸ್ ಎಷ್ಟೊತ್ತಿಗಂತ ಕೇಳಾಕ ಬಂದವರು. ಸಂಜಿಮುಂದ ಕ್ಯಾನ್ ಹೊತಗೊಂಡು ಒಬ್ಬೊಬ್ಬರ ಬಾಗಲಕ ಬಂದು, "ತಗೋರಿ, ಕೆಟ್ಟ ಹೋಗ್ತೈತಿ" ಅಂತ ಕೈ ಮುಗದ.

"ನಾಳೆ ಅಂಗಡಿ ಹಾಕಬ್ಯಾಡ, ಹಾಲ ಕಡಿಮಿ ಮಾಡು" ಅಂದ್ಲು ಬಳಿ ಅಂಗಡಿಯಾಕಿ.

"ಅಕ್ಕಾ, ನಾ ಕಡಿಮಿ ಮಾಡ್ತೇನಿ" ಅಂದ. "ಆದ್ರ ಎಮ್ಮಿಗೆ ಯಾರ ಹೇಳ್ತಾರ?"

೬. ಎಂಟ ಚೀಟಿ

ಕಡೀಕ ಟೇಲರ್ ಭಾಯಿ ಹಾಲಿನಂವನ್ನೂ ಹಿಡದು ಎಂಟೂ ಮಂದೀನ ಕೂಡಿಸಿದ. ಕೂಡಿಸಿದ್ದು ಎಲ್ಲಿ? ನನ್ನ ಬಾಕಿನ ಮ್ಯಾಲ. ನಾ ಎಲ್ಲಾರಿಗೂ ಚಹಾ ಕೊಟ್ಟೆ, ಕುಡದ್ರು.

"ಎಂಟ ಮಂದಿ ಒಂದ ಓಣ್ಯಾಗ ಒಂದ ದಂಧೆ ಮಾಡಿ ಬದಕಾಕ ಆಗಂಗಿಲ್ಲ" ಅಂದ ಭಾಯಿ. "ಯಾರರೆ ಒಬ್ಬರು ಬಂದ್ ಮಾಡಬೇಕು. ಯಾರಂತ ನಾವು ಹೇಳೂದು ಬ್ಯಾಡ. ಎಲ್ಲಾರೂ ತಮ್ಮ ತಮ್ಮ ಹೆಸರ ಚೀಟ್ಯಾಗ ಬರೀರಿ. ಯಾರ ಚೀಟಿ ಬರ್ತೈತಿ ಅವರು ಬಿಡಬೇಕು."

ಎಲ್ಲಾರೂ ಹೂಂ ಅಂದ್ರು. ಕೈಯಿಂದ ಮರಿ ಮಾಡಿ ಬರದ್ರು. ಎಂಟ ಚೀಟಿ ಮಡಚಿ ನನ್ನ ತಾಟಿನ್ಯಾಗ ಹಾಕಿದ್ರು. ಕಟಿಂಗ್‌ನಂವ ಕಣ್ಣ ಮುಚ್ಚಿ ಒಂದ ತಗದ. ನನ್ನ ಹೆಸರ ಬಂತು.

ಕೈಯಾಗಿನ ಕಪ್ಪ ಕೆಳಗಿಟ್ಟೆ. "ದೇವರ ಇಚ್ಛಾ ಕಾಕಾ, ನಾವೇನ್ ಮಾಡೂದು" ಅಂತ ಒಬ್ಬೊಬ್ಬರ ಎದ್ದು ಹೋದ್ರು. ಬಳಿ ಅಂಗಡಿಯಾಕಿ ಸೆರಗಿನಿಂದ ಕಣ್ಣ ಒರಸ್ಕೊಂಡ್ಲು.

ಎಲ್ಲಾರೂ ಹೋದ ಮ್ಯಾಲ ತಾಟ ತೊಳ್ಯಾಕಂತ ಎತ್ತಿದೆ. ಏಳ ಚೀಟಿ ಅಲ್ಲೇ ಇದ್ದೂ. ಒಂದ ಬಿಚ್ಚಿದೆ, ನನ್ನ ಹೆಸರು. ಇನ್ನೊಂದ ಬಿಚ್ಚಿದೆ, ಅದರಾಗೂ ನಂದ. ಏಳಕ್ಕ ಏಳೂ ನನ್ನ ಹೆಸರ. ಕಟಿಂಗ್‌ನಂವ ತಗದಿದ್ದೂ ಕೂಡಿಸಿ ಎಂಟರಾಗ ಒಂದ ಚೀಟಿ ಖರೆ ಇತ್ತು, ಅದು ನಾ ಬರದಿದ್ದು.

ಅಲ್ಲೇ ಕುಂತು ಅತ್ತೆ. ಜಗಳ ಮಾಡಬೇಕಿತ್ತು, ಮಾಡ್ಲಿಲ್ಲ. ಅವರ ಮನ್ಯಾಗೂ ಒಲಿ ಉರೀಬೇಕಲ್ಲಾ. ಕೆಟಲಿ, ಕಪ್ಪ, ಸೋಸಣಿಗಿ ಎಲ್ಲಾ ಚೀಲದಾಗ ತುಂಬಿ, ಅಂಗಡಿಗೆ ಕೀಲಿ ಹಾಕಿ ಮನಿಗೆ ಬಂದೆ. ಹೆಂಡ್ತಿ ಚೀಲಾ ಇಸ್ಕೊಂಡು ಮೂಲ್ಯಾಗ ಇಟ್ಲು.

ಮರದಿನಾ ಮುಂಜಾನೆ ಬಾಗಲಾ ಬಡದ್ರು. ತಗದು ನೋಡಿದ್ರ ಏಳೂ ಮಂದಿ. ತಪ್ಪಾತು ಅನ್ನಾಕ ಬಂದಿರಬೇಕು ಅನ್ಕೊಂಡೆ. ಎಲ್ಲಾರ ಮಾರಿ ಬಾಡಿದ್ದೂ, ಭಾಯಿ ತಲಿ ಹಿಡಕೊಂಡು ನಿಂತಿದ್ದ.

"ಏನ್ರಿ ಕಾಕಾ ಇದು" ಅಂದ ಕಟಿಂಗ್‌ನಂವ. "ಹೊತ್ತ ಏರಿತು, ಇನ್ನೂ ಚಹಾ ಇಲ್ಲ. ತಲಿ ಸೀಳಾಕತ್ತೈತಿ."

"ಅಂಗಡಿ ಬಂದ್ ಮಾಡ್ರಿ ಅಂದವರು ನೀವ."

"ಗಿರಾಕಿಗೆ ಬಂದ್ ಮಾಡ್ರಿ ಅಂದೇವಿ. ನಮಗ ಬಂದ್ ಮಾಡ್ರಿ ಅಂದೇವೇನು?"

ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಏಳ ಮಂದಿಗೆ ಏಳ ಚಹಾದಂಗಡಿ ಅದಾವ. ಹೋಗಿ ನಿಮ್ಮ ನಿಮ್ಮ ಅಂಗಡ್ಯಾಗ ಕುಡೀರಿ" ಅಂದೆ.

ಒಬ್ಬರ ಮಾರಿ ಒಬ್ಬರು ನೋಡಿದ್ರು. ಭಾಯಿ ತಲಿ ಮ್ಯಾಲಿನ ಕೈ ತಗದು, ನನಗ ಬುದ್ಧಿ ಇಲ್ಲೇನೋ ಅನ್ನೂವಂಗ ನೋಡಿದ.

"ಅದನ್ನ ನಾವ್ಯಾಕ ಕುಡಿಯೂಣು ಕಾಕಾ?" ಅಂದ. "ಅದು ಗಿರಾಕಿಗೆ ಮಾಡಿದ್ದು."