ಅತ್ತೆಯ ಮೋಡದ ಗಡಿಯಾರ

ನಮ್ಮ ಸೋದರತ್ತೆಗೆ ಆಕಾಶದಲ್ಲಿ ಒಬ್ಬ ಬೇಹುಗಾರನಿದ್ದಾನೆ. ಸುಳ್ಳಲ್ಲ! ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ ಕೂತು ಹಗಲೂ ರಾತ್ರಿ ಮೋಡಗಳ ಫೋಟೊ ತೆಗೆದು ಕೆಳಗೆ ಕಳಿಸುತ್ತಾನೆ. ಸರ್ಕಾರ ಅವನನ್ನು ಹವಾಮಾನ ಉಪಗ್ರಹ ಎನ್ನುತ್ತದೆ. ಅತ್ತೆ ‘ಮೇಲಿನೋನು’ ಎನ್ನುತ್ತಾರೆ. ಅವನು ಮೀನುಗಾರರಿಗೆ, ವಿಮಾನದವರಿಗೆ, ಚಂಡಮಾರುತ ಕಾಯುವ ವಿಜ್ಞಾನಿಗಳಿಗೆ ದುಡಿಯುತ್ತಿದ್ದಾನೆಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಅವನನ್ನು ಮೇಲಕ್ಕೆ ಹಾರಿಸಿರುವುದು ಹೊಳೆನರಸೀಪುರದ ಒಂದು ತಾರಸಿಯಲ್ಲಿ ಒಣಗುವ ಅಕ್ಕಿ ಸಂಡಿಗೆ ನೆನೆಯದಿರಲಿ ಎಂದು!

ಇವರಿಬ್ಬರ ಪರಿಚಯ ಮಾಡಿಸಿದವನು ನಾನೇ. ಹಾಸನದಲ್ಲಿ ಕೆಲಸದಲ್ಲಿರುವ ನಾನು ಒಂದು ರಜೆಯಲ್ಲಿ ಹೋಗಿದ್ದಾಗ, ಉಪಗ್ರಹದ ಚಿತ್ರ ನೋಡುವುದನ್ನು ಅತ್ತೆಗೆ ಅವರ ಫೋನಿನಲ್ಲೇ ಹೇಳಿಕೊಟ್ಟು ಬಂದೆ. ಮರುದಿನ ಬೆಳಗಿನ ಜಾವ ಐದಕ್ಕೇ ಕರೆ ಬಂತು.

“ಲೇ, ನೀನ್ ಆಕ್ಕೊಟ್ಟಿದ್ದು ಕೆಟ್ಟೋಗೈತೆ ಕಣ್ಲಾ! ಇಡೀ ಇಂಡಿಯಾ ಕಪ್ಪಗೈತೆ!”

“ಅತ್ತೆ, ಇನ್ನೂ ಸೂರ್ಯ ಹುಟ್ಟಿಲ್ಲ. ಇಂಡಿಯಾ ಕಪ್ಪಗೇ ಇರುತ್ತೆ.”

“ಅಂಗಾರೆ ಅವ್ನು ಫ್ಲ್ಯಾಶ್ ಆಕ್ಕಂಡು ಹೊಡೀಬಾರ್ದಾ?”

ಮುಂದಿನ ಸಲ ಹೋದಾಗ ಕತ್ತಲಲ್ಲೂ ಕಾಣುವ ಇನ್ನೊಂದು ಚಿತ್ರ ತೋರಿಸಿದೆ. ಅದು ಬೆಳಕನ್ನಲ್ಲ, ಶಾಖವನ್ನು ನೋಡುತ್ತದೆ; ಎತ್ತರಕ್ಕೆ ಬೆಳೆದ ಮೋಡದ ತಲೆ ತಣ್ಣಗಿರುವುದರಿಂದ ಬೆಳ್ಳಗೆ ಕಾಣುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಅತ್ತೆ ಕೇಳಿಸಿಕೊಂಡು ಒಂದೇ ಉಸಿರಿಗೆ ಮುಗಿಸಿದರು: “ಅಕ್ಕಿಹಿಟ್ಟಿನಂಗೆ ಬೆಳ್ಳಗಿದ್ರೆ ಮಳೆ ಉಯ್ಯೋನು. ರಾಗಿಹಿಟ್ಟಿನಂಗಿದ್ರೆ ಸುಮ್ಕೆ ತಿರುಗೋ ಪೋಲಿ. ಅಷ್ಟೇ ತಾನೆ?” ಅಷ್ಟೇ! ಇದಕ್ಕಿಂತ ಚೆನ್ನಾಗಿ ಇನ್ಯಾರು ಹೇಳಿಯಾರು?

ತೊಂದರೆಯಾದದ್ದು ಚಿತ್ರದ ಮೂಲೆಯಲ್ಲಿ ಬರೆದಿರುವ ಸಮಯದಿಂದ. ಅದು ಲೋಕಕ್ಕೆಲ್ಲ ಒಂದೇ ಆದ ಸಮಯ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಇದು ಗೊತ್ತಿಲ್ಲದ ಅತ್ತೆ ಒಂದು ವಾರ “ನಮ್ಗೆ ಮಾತ್ರ ತಂಗಳು ಫೋಟೊ ಕಳಿಸ್ತಾರೆ” ಎಂದು ಬೀದಿಗೆಲ್ಲ ಕೇಳುವಂತೆ ರೇಗಿದರು. ಐದೂವರೆ ಕೂಡಿಸಿಕೊಳ್ಳಿ ಎಂದೆ. ಕೂಡಿಸುವುದೆ? ಅತ್ತೆಯೆ? ಪೇಟೆಗೆ ಹೋಗಿ ಹೊಸ ಗಡಿಯಾರ ತಂದು, ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ನಡುಮನೆಯ ಗಡಿಯಾರದ ಪಕ್ಕದಲ್ಲೇ ನೇತುಹಾಕಿದರು. ಅದೇ ಮೋಡದ ಗಡಿಯಾರ.

ಬಂದವರೆಲ್ಲ ಗೋಡೆ ನೋಡಿ ಕಕ್ಕಾಬಿಕ್ಕಿಯಾದರೆ, ಮಾವ ಮಾತ್ರ ಅದಕ್ಕೆ ಬಹಳ ಬೇಗ ಒಗ್ಗಿಕೊಂಡರು. ಬೆಳಿಗ್ಗೆ ಎಂಟೂವರೆಗೆ ಎಬ್ಬಿಸಿದರೆ ಒಂದು ಕಣ್ಣು ತೆರೆದು, “ಇನ್ನೂ ಮೂರು ಗಂಟೆ ಕಣೇ” ಎಂದು ಮಗ್ಗುಲು ಬದಲಿಸುತ್ತಾರೆ.

ಅತ್ತೆ ಇದಕ್ಕೆ ಸೇಡು ತೀರಿಸಿಕೊಳ್ಳದೆ ಬಿಟ್ಟಾರೆಯೆ? ಗಾಳಿಯಲ್ಲಿರುವ ಧೂಳು, ಹೊಗೆಗಳನ್ನೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಮಾವನ ಮುಂದೆ ಫೋನು ಹಿಡಿದರು. “ನೋಡ್ರೀ, ಈ ಕಂದುಬಣ್ಣ ಎಲ್ಲಾ ಹೊಗೆ. ಇದ್ರಾಗೆ ನಿಮ್ ಬೀಡೀದೂ ಸೇರ್ಕಂಡೈತೆ. ಮೇಲಿನೋನು ನೋಡ್ತಾವ್ನೆ!” ಅಂದಿನಿಂದ ಮಾವ ಬೀಡಿ ಹಚ್ಚುವುದು ಹಿತ್ತಲಿನ ಶೀಟಿನ ಮಾಡಿನ ಕೆಳಗೆ ಮಾತ್ರ.

ನಾನು ದಿನಚರಿ ಬರೆಯುವವನು. ಅತ್ತೆಯ ಮಳೆಭವಿಷ್ಯಕ್ಕೂ ಅದರಲ್ಲಿ ಸರಿ, ತಪ್ಪು ಎಂಬ ಎರಡು ಸಾಲುಗಳುಂಟು. ಸರಿಯ ಸಾಲು ಉದ್ದವಾಗಿದೆ ಎಂದು ಹೆಮ್ಮೆಯಿಂದ ಹೇಳಬಲ್ಲೆ. ತಪ್ಪಿನ ಸಾಲನ್ನು ಅತ್ತೆ ಒಪ್ಪುವುದೇ ಇಲ್ಲ. “ನಾನ್ ಏಳಿದ್ ಮಳೆ ಬಂದೇ ಬಂತು. ಇಲ್ಲಿ ಬರ್ದೆ ದಂಡಿಗನಹಳ್ಳೀಲಿ ಬಂದ್ರೆ ಅದು ನನ್ ತಪ್ಪಾ?”

ಈ ಏಪ್ರಿಲಿನಲ್ಲಿ ನಮ್ಮಕ್ಕನ ಮದುವೆ ಚನ್ನರಾಯಪಟ್ಟಣದಲ್ಲಿ ನಿಶ್ಚಯವಾಯಿತು. ನಮ್ಮ ಮನೆತನದಲ್ಲಿ ಮದುವೆಯ ಸಂಡಿಗೆ ಸೋದರತ್ತೆಯ ಮನೆಯಿಂದಲೇ ಬರಬೇಕು. ಒಂದು ಹನಿ ಬಿದ್ದರೂ ಹೋಯಿತು. ಊಟದೆಲೆಯಲ್ಲಿ ಅತ್ತೆಯ ಜಾಗ ಖಾಲಿ! ಅತ್ತೆ ದಿನಗಟ್ಟಲೆ ಮೋಡ ಕಾದು ಒಂದು ಭಾನುವಾರವನ್ನು ಆರಿಸಿದರು. ಕೈಜೋಡಿಸಲು ಬಂದ ಬೀದಿಯ ನಾಲ್ವರು ಹೆಂಗಸರೂ ತಂತಮ್ಮ ಮನೆಗೆ ಒಂದೊಂದು ಹಾಳೆ ಸಂಡಿಗೆ ಹಾಕಿದರು. ನಡುವೆ ಎಲ್ಲಕ್ಕಿಂತ ದೊಡ್ಡದು, ಅಕ್ಕನ ಮದುವೆಯದು.

ಅದೇ ದಿನ ನಾನು ಲಗ್ನಪತ್ರಿಕೆ ಹಂಚಲು ಸ್ಕೂಟರಿನಲ್ಲಿ ಅರಕಲಗೂಡಿಗೆ ಹೋಗಿದ್ದೆ. ಅಲ್ಲಿಂದ ಅತ್ತೆಯ ಮನೆಗೆ ಹೊರಟಿದ್ದೆನಷ್ಟೆ, ಫೋನು.

“ಒರಡ್ಬ್ಯಾಡ ಕಣ್ಲಾ. ನಿನ್ ತಲೆ ಮ್ಯಾಲೆ ಅಕ್ಕಿಹಿಟ್ಟು!”

“ಇಲ್ಲಿ ಬಿಸಿಲಿದೆ ಅತ್ತೆ.”

“ಮೇಲಿಂದ ನೋಡೋನಿಗೆ ಗೊತ್ತಾ, ಕೆಳಗೆ ನಿಂತಿರೋ ನಿಂಗೆ ಗೊತ್ತಾ?”

ನಕ್ಕು ಹೊರಟೆ. ಊರು ದಾಟಿದರೂ ಜೇಬಿನಲ್ಲಿ ಫೋನು ಸುಮ್ಮನಾಗಲಿಲ್ಲ. ತಡೆಯಲಾರದೆ ದಾರಿಬದಿಯ ಶಾಲೆಯೊಂದರ ಜಗುಲಿಗೆ ಹೋಗಿ, “ಏನತ್ತೆ?” ಎಂದೆ. ಅಷ್ಟರಲ್ಲಿ ಹಗಲೇ ಕತ್ತಲಾಯಿತು. ಬಿರುಗಾಳಿ, ಗುಡುಗು, ಮಳೆ! ನಾನು ಹೋಗಬೇಕಿದ್ದ ರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಮರ ಬುಡಸಮೇತ ಉರುಳಿದ್ದನ್ನು ಜಗುಲಿಯಿಂದಲೇ ನೋಡಿದೆ. “ಅಲ್ಲೇ ಇರು, ಅಲ್ಲೇ ಇರು” ಎನ್ನುತ್ತಿದ್ದ ದನಿ ಕಡಿದುಹೋಯಿತು.

ಸಂಜೆ ಹೊಳೆನರಸೀಪುರ ತಲುಪಿದಾಗ ಅಲ್ಲೂ ಮಳೆ ಬಂದು ನಿಂತಿತ್ತು. ನಾಲ್ಕು ಮನೆಗಳ ಸಂಡಿಗೆ ಬೆಚ್ಚಗೆ ಒಳಗಿತ್ತು. ತಾರಸಿಯ ಮೇಲೆ ಅಕ್ಕನ ಮದುವೆಯ ಸಂಡಿಗೆ ಗಂಜಿಯಾಗಿತ್ತು.

“ಸುಡೋ ಬಿಸ್ಲಲ್ಲೇ ಎತ್ರವ್ವಾ ಎತ್ರೀ ಅಂತ ನಮ್ದೆಲ್ಲಾ ಎತ್ತಿಸಿಬಿಟ್ರು” ಎಂದರು ಪಕ್ಕದ ಮನೆಯಾಕೆ. “ನಾವು ಅದ್ನ ಮನೆಗಿಟ್ಟು ಬರೋಷ್ಟ್ರಲ್ಲಿ ಮಳೆ ಉಯ್ತು. ನಿಮ್ಮತ್ತೆ ಮೆಟ್ಲ ಮ್ಯಾಲೆ ಫೋನ್ ಇಡ್ಕಂಡು ಕುಂತವ್ರೆ, ನಿನ್ ದನಿ ಕೇಳ್ಬೇಕು ಅಂತ. ಸಂಡಿಗೆ ಕಡೀಕೆ ತಿರುಗೂ ನೋಡ್ಲಿಲ್ಲ!”

ಅತ್ತೆ ಸೆರಗಿನಿಂದ ನನ್ನ ತಲೆ ಒರೆಸಿದರು. ಒಂದು ಹನಿಯೂ ಬಿದ್ದಿರದ ತಲೆ.

“ಅತ್ತೆ, ಅಕ್ಕನ ಸಂಡಿಗೆ...”

“ಬಿಡ್ಲಾ. ನಾಳೆ ಇನ್ನೊಂದಿಷ್ಟು ಅಕ್ಕಿ ರುಬ್ಬಿದ್ರಾಯ್ತು. ನಿನ್ನ ಎಲ್ಲಿಂದ ರುಬ್ಬಾನ?”

ರುಬ್ಬಿದರು, ಕುದಿಸಿದರು, ಮತ್ತೆ ಹಾಕಿದರು. ಮದುವೆಯ ಪಂಕ್ತಿಯಲ್ಲಿ ಆ ಸಂಡಿಗೆ ಮೊರದಗಲ ಅರಳಿತು. ಪಕ್ಕದಲ್ಲಿ ಕೂತವರಿಗೆಲ್ಲ ನಾನು ಹೇಳಿದ್ದೇ ಹೇಳಿದ್ದು: ಇದು ನಮ್ಮತ್ತೆಯದು!

ಈಗ ಹಾಸನದ ನನ್ನ ರೂಮಿನ ಗೋಡೆಯ ಮೇಲೂ ಎರಡು ಗಡಿಯಾರಗಳಿವೆ. ಒಂದು ಕೆಟ್ಟಿದೆ ಎಂದು ಗೆಳೆಯರು ನಗುತ್ತಾರೆ. ಕೆಟ್ಟಿಲ್ಲ. ಅದು ತೋರಿಸುವ ಹೊತ್ತಿನಲ್ಲೇ, ಹೊಳೆನರಸೀಪುರದ ಮೆಟ್ಟಿಲ ಮೇಲೆ ಒಬ್ಬರು ಫೋನು ಹಿಡಿದು ಕೂತು, ನನ್ನ ತಲೆಯ ಮೇಲಿರುವುದು ಅಕ್ಕಿಹಿಟ್ಟೋ ರಾಗಿಹಿಟ್ಟೋ ಎಂದು ನೋಡುತ್ತಿರುತ್ತಾರೆ.